ಕೊಡೆ ಮರೆತು ಬರುವ ಕೆಲಸ

ಕೊಡೆ ಮರೆತು ಬರುವುದೂ ಒಂದು ಕೆಲಸ ಎಂದರೆ ಯಾರೂ ನಂಬುವುದಿಲ್ಲ. ಕೊಡೆಯಮ್ಮನ ಗಂಡನೇ ಬಹಳ ಕಾಲ ನಂಬಿರಲಿಲ್ಲ. ಅವನು ಗಡಿಯಾರ ರಿಪೇರಿಯವನು. ಕೆಲಸವೆಂದರೆ ಕೈಯಲ್ಲಿ ಏನಾದರೂ ಇರಬೇಕು, ಬೆಳಿಗ್ಗೆ ನಿಂತಿದ್ದು ಸಂಜೆಗೆ ಓಡಬೇಕು ಎಂಬುದು ಅವನ ಲೆಕ್ಕ. ಹೆಂಡತಿ ಎದ್ದು, ತಲೆ ಬಾಚಿಕೊಂಡು, ಯಾರದೋ ಮನೆಯ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ಅವರು ಪಾತ್ರೆ ತೊಳೆಯುವುದನ್ನು ನೋಡಿ, ದಣಿದು ಮನೆಗೆ ಬರುತ್ತಾಳೆ ಎಂದರೆ ಅವನಿಗೆ ನಗು ಬರುತ್ತಿತ್ತು. "ದಣಿದಿದ್ದು ತೊಳೆದವಳೋ, ನೋಡಿದವಳೋ?" ಎಂದು ಕೇಳುತ್ತಿದ್ದ. ಸುಮ್ಮನೆ ಕೂತು ನೋಡುವುದು ಎಷ್ಟು ಕಷ್ಟವೆಂಬುದು ಒಂದು ಗಂಟೆಯಾದರೂ ಸುಮ್ಮನೆ ಕೂತವರಿಗೆ ಮಾತ್ರ ಗೊತ್ತು.

ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕಚೇರಿ. ಒಲೆ, ಬಕೆಟ್ಟು, ಕುರ್ಚಿ, ನಲ್ಲಿ, ಹೀಗೆ ಜನ ದಿನಬೆಳಗಾದರೆ ಮುಟ್ಟುವ ವಸ್ತುಗಳು ಹೇಗಿರಬೇಕೆಂದು ಅಲ್ಲಿ ಚಿತ್ರ ಬರೆದು ಕಾರ್ಖಾನೆಗಳಿಗೆ ಕೊಡುತ್ತಿದ್ದರು. ಚಿತ್ರ ಬರೆಯುವವರೆಲ್ಲ ಎಳೆಯರು, ಚುರುಕಿನವರು. ತಳ ಹಿಡಿದ ಪಾತ್ರೆಯನ್ನು ಉಜ್ಜಿದ ಕೈ ಅವರಲ್ಲಿ ಒಂದೂ ಇರಲಿಲ್ಲ. ಹಾಗಾಗಿ ಮೊದಲು ಹೋಗಿ ನೋಡಿಕೊಂಡು ಬರುವವರೊಬ್ಬರು ಬೇಕಾಗಿತ್ತು. ಜನ ಎಲ್ಲಿ ಎಡವುತ್ತಾರೆ, ಎಲ್ಲಿ ಗೊಣಗುತ್ತಾರೆ, ಎಲ್ಲಿ ಗೊಣಗುವುದನ್ನೂ ಬಿಟ್ಟು ಹಣೆಬರಹವೆಂದು ಸುಮ್ಮನಾಗಿದ್ದಾರೆ, ಅಲ್ಲೇ ಹೊಸ ವಸ್ತುವಿಗೆ ಜಾಗವಿದೆ ಎಂಬುದು ಕಚೇರಿಯ ಮುಖ್ಯಸ್ಥನ ನಂಬಿಕೆ. ಆ ಜಾಗವನ್ನು ಹುಡುಕಿ ತರುವುದು ಕೊಡೆಯಮ್ಮನ ಪಾಲಿನದು.

ಇದಕ್ಕೆ ಮೊದಲು ಅವಳು ಪ್ರಶ್ನೆ ಕೇಳುವ ಕೆಲಸದಲ್ಲಿದ್ದಳು. ಒಂದು ಸಾಬೂನು ಕಂಪನಿಯ ಪರವಾಗಿ ಮನೆಮನೆಯ ಬಾಗಿಲು ತಟ್ಟಿ, ಸಾಬೂನು ಹೇಗಿದೆಯೆಂದು ಕೇಳಬೇಕು. ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದರು. ಇನ್ನೇನಾದರೂ ಬೇಕಿತ್ತೇ ಎಂದರೆ ಏನೂ ಬೇಡ ಎನ್ನುತ್ತಿದ್ದರು. ಒಂದು ದಿನ ಒಬ್ಬಾಕೆ ಹಾಗೆಯೇ ಚೆನ್ನಾಗಿದೆ ಎಂದಳು. ಹೊರಡುವ ಮೊದಲು ಇವಳು ಕೈಕಾಲು ತೊಳೆಯಲು ಬಚ್ಚಲಿಗೆ ಹೋದರೆ, ಸಾಬೂನು ಒಂದು ಹಳೆಯ ಕಾಲುಚೀಲದೊಳಗೆ ಕೂತಿತ್ತು. ಚೀಲಕ್ಕೆ ಗಂಟು ಹಾಕಿ ನಲ್ಲಿಗೆ ನೇತುಹಾಕಿದ್ದರು. ಯಾಕೆಂದು ಕೇಳಿದರೆ ಆಕೆಗೆ ನಾಚಿಕೆಯಾಯಿತು. "ಕೈಯಿಂದ ಜಾರಿ ಜಾರಿ ಬೀಳುತ್ತೆ. ಅದು ಸಾಬೂನಿನ ತಪ್ಪಲ್ಲಮ್ಮ, ನನ್ನ ಕೈಯೇ ಸರಿಯಿಲ್ಲ" ಎಂದಳು.

ಆವತ್ತು ಕೊಡೆಯಮ್ಮನಿಗೆ ತಿಳಿದದ್ದಕ್ಕಿಂತ ಹೆಚ್ಚಿನದನ್ನು ಆಮೇಲಿನ ಯಾವ ತರಬೇತಿಯೂ ಅವಳಿಗೆ ಕಲಿಸಲಿಲ್ಲ. ಬಾಯಿ ಮರ್ಯಾದೆಗೆ ಮಾತಾಡುತ್ತದೆ, ಕೈ ತನಗೆ ತಿಳಿದ ಹಾಗೆ ಮಾಡುತ್ತದೆ. ಕೇಳಿ ಫಲವಿಲ್ಲ, ನೋಡಬೇಕು.

ನೋಡಲು ಹೋದರೆ ಬೇರೆಯೇ ತೊಡಕು. ಯಾರೋ ಬಂದು ಕೂತು ನೋಡುತ್ತಾರೆಂದರೆ ಜನ ಮನೆ ಗುಡಿಸಿ, ಒಲೆ ಒರೆಸಿ, ಒಳ್ಳೆಯ ಸೀರೆ ಉಟ್ಟು ನಿಲ್ಲುತ್ತಾರೆ. ಹೆಣ್ಣು ನೋಡಲು ಬಂದ ಹಾಗೆ. ಮೊದಲ ದಿನ ಕಾಣುವುದು ಮನೆಯಲ್ಲ, ಮನೆಯ ವೇಷ. ಈ ವೇಷ ಕಳಚುವುದು ಹೇಗೆಂದು ಯೋಚಿಸುತ್ತಿದ್ದಾಗ ಒಮ್ಮೆ ಅವಳು ಬೇಕೆಂದೇ ಕೊಡೆ ಬಿಟ್ಟು ಬಂದಳು. ಮರುದಿನ ತರಲು ಹೋದರೆ, ಹಿಂದಿನ ದಿನ ಒಲೆಯ ಗುಬುಟನ್ನು ನಾಜೂಕಾಗಿ ಎರಡೇ ಬೆರಳಲ್ಲಿ ತಿರುಗಿಸಿ ತೋರಿಸಿದ್ದ ಮನೆಯೊಡತಿ ಇಕ್ಕಳ ಹಿಡಿದು ಅದೇ ಗುಬುಟಿನ ಜೊತೆ ಗುದ್ದಾಡುತ್ತಿದ್ದಳು. ಆ ಇಕ್ಕಳದಿಂದ ಒಂದು ಹೊಸ ಒಲೆ ಹುಟ್ಟಿತು. ಅಂದಿನಿಂದ ಕೊಡೆಯಮ್ಮ ಎಲ್ಲಿ ಹೋದರೂ ಕೊಡೆ ಮರೆತೇ ಬರುತ್ತಿದ್ದಳು. ಸುಡುಬಿಸಿಲಿನಲ್ಲೂ ಕೊಡೆ ತಪ್ಪದು. ಹೆಸರು ಅದರಿಂದಲೇ ಬಂತು.

ಕೊಡೆಯೇನೂ ಚೆನ್ನಾಗಿರಲಿಲ್ಲ. ಕರೀ ಬಟ್ಟೆ, ಒಂದು ಕಡ್ಡಿಯ ತುದಿ ಬಟ್ಟೆಯಿಂದ ಬಿಚ್ಚಿಕೊಂಡು ಬೆರಳಿನಂತೆ ಆಚೆ ಚಾಚಿಕೊಂಡಿತ್ತು. ಗಂಡ ಹೊಲಿದುಕೊಡುತ್ತೇನೆಂದರೆ ಬೇಡವೆಂದಳು. "ಚೆನ್ನಾಗಿದ್ರೆ ಯಾರಾದ್ರೂ ಇಟ್ಕೊಂಡುಬಿಡ್ತಾರೆ. ಇದಾದ್ರೆ ಜೋಪಾನವಾಗಿ ವಾಪಸ್ ಕೊಡ್ತಾರೆ."

ಅವಳು ಸಿಹಿಮಾತಿನ ಹೆಂಗಸಲ್ಲ. ದಪ್ಪ ಶರೀರ, ನೋಯುವ ಮಂಡಿ, ತಾಳ್ಮೆ ಇರುವುದು ಕಣ್ಣಿಗಷ್ಟೇ. ಆದರೆ ಕೆಲಸದಲ್ಲಿ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದಳು. ಯಾರ ಬಗ್ಗೆ ಏನು ಬರೆದರೂ ಅದನ್ನು ಮೊದಲು ಅವರ ಎದುರಿಗೇ ಓದಿ ಹೇಳಬೇಕು. ಓದಲು ನಾಲಿಗೆ ತಡವರಿಸಿದರೆ ಆ ಮಾತು ಬರೆಯತಕ್ಕದ್ದಲ್ಲ. ಈ ಕಟ್ಟುಪಾಡನ್ನು ಅವಳು ಮುರಿದದ್ದು ಒಮ್ಮೆ ಮಾತ್ರ, ಆಸ್ಪತ್ರೆಯ ಲಾಂಡ್ರಿಯಲ್ಲಿ.

ಮೇಜು ಮಾಡುವ ಕಾರ್ಖಾನೆಯೊಂದು ಆಸ್ಪತ್ರೆಗಳಿಗೆ ಬಟ್ಟೆ ಮಡಿಚುವ ಮೇಜು ಮಾಡಬೇಕೆಂದಿತ್ತು. ಮಡಿಚುವ ಕೆಲಸ ಎಲ್ಲಿ ಕುಂಟುತ್ತದೆ, ನೋಡಿ ಹೇಳಿ ಎಂದು ಕೇಳಿತು. ಕೊಡೆಯಮ್ಮನನ್ನು ಒಂದು ದೊಡ್ಡ ಆಸ್ಪತ್ರೆಯ ಹಿಂಭಾಗಕ್ಕೆ ಕಳಿಸಿದರು. ಒಗೆಯುವ ಯಂತ್ರಗಳು ಒಂದು ಕಡೆ ಗುಡುಗುಡು ಎನ್ನುವ ಉದ್ದನೆಯ ಕೋಣೆ. ಇನ್ನೊಂದು ಕಡೆ ಬಿಳಿ ಮೇಜುಗಳು, ಪ್ರತಿ ಮೇಜಿಗೆ ಇಬ್ಬರು. ಗೋಡೆಯ ಮೇಲುಗಡೆ ಸಾಲಾಗಿ ಕಿಟಕಿ. ಬಿಳಿ ಗೋಡೆ, ಬಿಳಿ ಮೇಜು, ಬಿಳಿ ಬೆಡ್‌ಶೀಟು. ಮಧ್ಯಾಹ್ನದ ಬಿಸಿಲು ಒಳಗೆ ಬಿದ್ದರೆ ಹಾಲಿನ ಪಾತ್ರೆಯೊಳಗೆ ಇಳಿದಂತಾಗುತ್ತಿತ್ತು. ಇಬ್ಬರು ಎದುರುಬದುರು ನಿಂತು ಶೀಟನ್ನು ಎತ್ತಿ ಹಿಡಿದು, ಕಲೆ ಉಳಿದಿದ್ದರೆ, ಹರಿದಿದ್ದರೆ ಹಿಂದಿನ ಬುಟ್ಟಿಗೆ ಹಾಕಿ, ಸರಿಯಿದ್ದುದನ್ನು ಮಡಿಚಿ ಪೇರಿಸಬೇಕು. ಅಲ್ಲಿಯ ಮೇಲ್ವಿಚಾರಕಿ ಕಟ್ಟುನಿಟ್ಟಿನ ಹೆಂಗಸು. ಕೆಲಸದ ಹೊತ್ತಿನಲ್ಲಿ ಮಾತು ಬೇಡ ಎಂಬುದು ಅವಳ ಆಜ್ಞೆ. ಎಲ್ಲ ಮೇಜುಗಳೂ ಅದನ್ನು ಪಾಲಿಸುತ್ತಿದ್ದವು, ಒಂದರ ಹೊರತು.

ಆ ಒಂದು ಮೇಜಿನಲ್ಲಿದ್ದವರು ಅತ್ತಿಗೆ ಮತ್ತು ನಾದಿನಿ. ನಾದಿನಿಯ ಅಣ್ಣನೇ ಅತ್ತಿಗೆಯ ಗಂಡ, ಮೂವರೂ ಒಂದೇ ಸೂರಿನಡಿ ಇರುವವರು. ಅತ್ತಿಗೆ ನರೆತ ಕೂದಲಿನವಳು, ನೆಟ್ಟಗೆ ನಿಲ್ಲುವವಳು. ನಾದಿನಿ ಅವಳಿಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಬೆಳಗಿನಿಂದ ಸಂಜೆಯವರೆಗೆ ಇಬ್ಬರದೂ ಒಂದೇ ಸಮ ಜಗಳ.

"ಇದು ನಿನ್ನ ಗಂಡನ ಹಾಗೇ ಇದೆ ಅತ್ತಿಗೆ, ನಡುವಲ್ಲೇ ಕೈಬಿಟ್ಟಿದೆ."

"ನನ್ನ ಗಂಡ ಆಗೋಕ್ಕಿಂತ ಮುಂಚೆ ಅವರು ನಿಮ್ಮಣ್ಣ ಕಣೇ. ಕೆಡಿಸಿ ಕಳಿಸಿದ್ದು ನಿಮ್ಮನೇಲೇ."

"ಇಲ್ಲಿ ಬಲಗಡೆ ನಿನ್ನ ತವರಿನವರು ಬಂದುಹೋದ ಹಾಗಿದೆ ನೋಡು."

"ನಮ್ಮ ತವರಿನವರು ಕೈ ತೊಳ್ಕೊಂಡೇ ಬರ್ತಾರೆ. ಎಲ್ಲರೂ ನಿಮ್ಮನೆಯವರ ಹಾಗಲ್ಲ."

ಹೀಗೆಂದು ಅತ್ತಿಗೆ ಕೈಯಲ್ಲಿದ್ದ ಶೀಟನ್ನು ಮುದ್ದೆ ಮಾಡಿ ಹಿಂದಕ್ಕೆ ಎಸೆಯುವಳು. ಎದುರಿದ್ದವಳ ಮುಖವನ್ನು ಒಮ್ಮೆಯೂ ನೇರ ನೋಡುತ್ತಿರಲಿಲ್ಲ. ಕತ್ತನ್ನು ಒಂದು ಕಡೆ ತಿರುಗಿಸಿ ಕಣ್ಣಂಚಿನಿಂದ ನೋಡುವಳು. ಕೊಡೆಯಮ್ಮನನ್ನೂ ಹಾಗೆಯೇ ನೋಡಿದಳು.

ಕೊಡೆಯಮ್ಮನಿಗೆ ಬಾಗಿಲ ಬಳಿ ಸ್ಟೂಲು ಹಾಕಿದ್ದರು. ಅಲ್ಲಿಂದ ಹಿಂದಿನ ಬುಟ್ಟಿ ಕಂಬದ ಮರೆಗೆ ಬರುತ್ತಿತ್ತು. ಅವಳಿಗೆ ಕಂಡದ್ದು ಎಸೆತ, ಕೇಳಿದ್ದು ಬೈಗುಳ. ಎದ್ದು ಕಂಬದಾಚೆ ಹೋಗಿ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಯಾಕೆಂದರೆ ಅವಳಿಗೂ ಒಬ್ಬಳು ನಾದಿನಿ ಇದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಇವಳ ಅಡುಗೆಯ ಉಪ್ಪಿನಿಂದ ಹಿಡಿದು ನಡಿಗೆಯ ಸದ್ದಿನವರೆಗೆ ಹುಳುಕು ಹುಡುಕಿದ್ದಳು. ಆ ಜಗಳಗಳನ್ನು ಚೆನ್ನಾಗಿ ಬಲ್ಲ ಕೊಡೆಯಮ್ಮನಿಗೆ ಈ ಜಗಳವನ್ನು ನೋಡಿ ತಿಳಿಯುವ ಅಗತ್ಯ ಕಾಣಲಿಲ್ಲ. ಕಂಡದ್ದಕ್ಕಿಂತ ಮೊದಲೇ ಗೊತ್ತಿದ್ದದ್ದು ಅಡ್ಡ ಬಂತು. ಕೊಡೆಯ ಉಪಾಯವನ್ನೂ ಅವಳು ಮಾಡಲಿಲ್ಲ. ಇಷ್ಟು ಬಾಯಿಬಿಟ್ಟು ಜಗಳವಾಡುವವರು ಇನ್ನೇನು ಮುಚ್ಚಿಟ್ಟಾರು ಎಂದುಕೊಂಡಳು.

ವರದಿಯಲ್ಲಿ ಮೇಜಿನ ಎತ್ತರ, ನಿಂತು ನೋಯುವ ಸೊಂಟ ಎಲ್ಲ ಬರೆದು, ಕೊನೆಗೆ ಎರಡು ಸಾಲು ಸೇರಿಸಿದಳು. ಒಂದು ಮೇಜಿನಲ್ಲಿ ಸಂಬಂಧಿಕರಿಬ್ಬರು ದಿನವಿಡೀ ಜಗಳವಾಡಿ ಬಟ್ಟೆ ಎಸೆದಾಡುತ್ತಾರೆ, ಬೇರೆ ಬೇರೆ ಮೇಜಿಗೆ ಹಾಕಿದರೆ ಕೆಲಸ ಸುಗಮವಾದೀತು. ಆ ಸಾಲುಗಳನ್ನು ಇಬ್ಬರಿಗೂ ಓದಿ ಹೇಳಲಿಲ್ಲ. ನಾಲಿಗೆ ತಡವರಿಸೀತೆಂದು ಅವಳಿಗೆ ಗೊತ್ತಿತ್ತು, ಓದದೆ ಇದ್ದದ್ದು ಅದಕ್ಕೇ.

ಕೆಲವು ವಾರ ಎಲ್ಲೂ ಹೋಗದೆ ಕಚೇರಿಯಲ್ಲೇ ಕೂತು ಕಳೆದ ಮೇಲೆ ಒಂದು ದಿನ ಮಳೆ ಹನಿಯಿತು. ಕೊಡೆಗೆಂದು ಬಾಗಿಲ ಹಿಂದೆ ಕೈ ಹಾಕಿದರೆ ಕೊಡೆ ಇಲ್ಲ. ಯಾವ ಮನೆಯಲ್ಲಿ ಬಿಟ್ಟೆನೆಂದು ಲೆಕ್ಕ ಹಾಕಿದಳು. ಬೇಕೆಂದು ಬಿಟ್ಟದ್ದೆಲ್ಲ ವಾಪಸು ಬಂದಿತ್ತು. ಕಡೆಗೆ ಲಾಂಡ್ರಿ ನೆನಪಾಯಿತು. ಅವಳು ಕೊಡೆಯನ್ನು ನಿಜವಾಗಿ ಮರೆತದ್ದು ಅದೇ ಮೊದಲು. ಗಂಡ ಕನ್ನಡಕದ ಮೇಲಿನಿಂದ ನೋಡಿ, "ಹಾಗಾದ್ರೆ ಇವತ್ತು ಸಂಬಳ ಇಲ್ಲದ ಕೆಲಸ" ಎಂದ.

ಲಾಂಡ್ರಿಯಲ್ಲಿ ಅವಳ ಮಾತನ್ನು ಯಾರೂ ನಂಬಲಿಲ್ಲ. ಅಷ್ಟು ಹೊತ್ತಿಗೆ ಕೊಡೆಯ ಸುದ್ದಿ ಊರೆಲ್ಲ ಹಬ್ಬಿತ್ತು. "ಬೇಕಂತಲೇ ಬಿಟ್ಟುಹೋಗಿ ಬೇಹುಗಾರಿಕೆ ಮಾಡ್ತೀರಂತೆ" ಎಂದು ಮೇಲ್ವಿಚಾರಕಿ ನಕ್ಕಳು. ಇಲ್ಲಮ್ಮ, ಆಣೆಗೂ ಮರೆತೆ ಎಂದಷ್ಟೂ ಅವಳ ನಗು ಹೆಚ್ಚಿತು. ನಗು ಮುಗಿದ ಮೇಲೆ ತಾನಾಗಿಯೇ ವಿಷಯ ತೆಗೆದಳು. ಆಸ್ಪತ್ರೆಗೂ ಬಂದಿದ್ದ ವರದಿಯಲ್ಲಿ ಹೇಳಿದ ಹಾಗೆ ಅತ್ತಿಗೆ ನಾದಿನಿಯರನ್ನು ಬೇರೆ ಮಾಡಿದ್ದಾಗಿತ್ತು. ಕೋಣೆ ತಣ್ಣಗಾಯಿತು, ನಿಜ. ಆದರೆ ಅತ್ತಿಗೆಯ ಮೇಜಿನಿಂದ ಹೋದ ಶೀಟುಗಳು ವಾರ್ಡಿನಿಂದ ವಾಪಸು ಬರುತ್ತಿದ್ದವು, ಕಲೆ ಸಮೇತ, ಹರಕು ಸಮೇತ. ನರ್ಸುಗಳು ಬಂದು ಬೈದುಹೋಗಿದ್ದರು. "ಜಗಳ ಇರೋವರೆಗೂ ಚೆನ್ನಾಗೇ ಮಾಡ್ತಿದ್ಲು. ಶಾಂತಿ ಆದ ಮೇಲೆ ಕೆಟ್ಟಳು. ಈ ತಿಂಗಳು ನೋಡ್ತೀನಿ, ಆಮೇಲೆ ಮನೆಗೆ ಕಳಿಸೋದೇ" ಎಂದಳು.

ಕೊಡೆ ಅತ್ತಿಗೆಯ ಬಳಿಯೇ ಇತ್ತು. ಹೊಸ ಜೊತೆಗಾತಿಯೊಬ್ಬಳು ಎದುರಿಗಿದ್ದಳು, ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳು. ಅತ್ತಿಗೆ ಮೇಜಿನ ಕೆಳಗಿನಿಂದ ಕೊಡೆ ತೆಗೆದು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕೊಡೆಯಮ್ಮ ನಿಂತಿದ್ದ ಜಾಗಕ್ಕಿಂತ ಒಂದು ಗೇಣು ಆಚೆಗೆ ಚಾಚಿದಳು. "ಕಡ್ಡಿ ಬಿಚ್ಚಿತ್ತು. ಹೊಲಿದಿದ್ದೀನಿ" ಎಂದಳು.

ಹೊಲಿಗೆ ಗಟ್ಟಿಯಾಗಿತ್ತು, ಒಂದರ ಪಕ್ಕ ಒಂದು ಸಮನಾಗಿ ಕೂತಿತ್ತು. ಕರೀ ಬಟ್ಟೆಯ ಮೇಲೆ ಕೆಂಪು ದಾರ, ಕುಂಕುಮ ಚೆಲ್ಲಿದ ಹಾಗೆ.

"ಕೆಂಪು ದಾರ ಯಾಕೆ ಹಾಕಿದ್ರಿ?" ಎಂದು ಕೊಡೆಯಮ್ಮ ಸಹಜವಾಗಿಯೇ ಕೇಳಿದಳು.

ಅತ್ತಿಗೆಯ ಬೆರಳು ತಟ್ಟನೆ ಹೊಲಿಗೆಯ ಮೇಲೆ ಹೋಗಿ ನಿಂತಿತು. "ಕಪ್ಪಲ್ವಾ ಅದು?"

ಅಷ್ಟರಲ್ಲಿ ಕೋಣೆಯ ಆ ತುದಿಯಿಂದ ನಾದಿನಿ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. "ಕಪ್ಪು ದಾರ ಮುಗಿದಿತ್ತು. ನಾನೇ ಕೆಂಪು ಕೊಟ್ಟೆ. ಗೊತ್ತಿದ್ದೇ ಹಾಕಿದ್ದು."

ಒಬ್ಬಳು ಕಪ್ಪೆಂದಳು, ಇನ್ನೊಬ್ಬಳು ಕೆಂಪೆಂದಳು. ಕೊಡೆಯಮ್ಮ ಎರಡನ್ನೂ ಕೇಳಿಸಿಕೊಂಡು, ಗೋಡೆಯ ಕಡೆ ತಿರುಗಿದ ಆ ಮುಖವನ್ನು ನೋಡಿದಳು. ದುರಹಂಕಾರವೆಂದು ತಾನು ತಿಳಿದಿದ್ದ ಆ ಓರೆನೋಟ ಏನೆಂದು ಆಗ ಅವಳಿಗೆ ಹೊಳೆಯಿತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಅವಳು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವಳು. ಹೇಳಿಕೊಟ್ಟವಳೇ ಕಂಬದ ಈಚೆ ಕೂತು ಮೋಸಹೋಗಿದ್ದಳು.

ಚಹಾದ ಹೊತ್ತಿಗೆ ಮೂವರೂ ಹಿತ್ತಲಿನ ಬಟ್ಟೆ ಹರವುವ ಜಾಗಕ್ಕೆ ಹೋದರು. ಮೊದಲು ಬಾಯಿಬಿಟ್ಟವಳು ನಾದಿನಿ, ಮತ್ತು ಬಿಟ್ಟಳೆಂದರೆ ತಡೆಯುವಂತಿರಲಿಲ್ಲ. ಅತ್ತಿಗೆಯ ಕಣ್ಣಿನ ನಡುಭಾಗ ಮಬ್ಬಾಗಿ ವರ್ಷಗಳಾಗಿದ್ದವು. ನೇರ ನೋಡಿದರೆ ಕಾಣದು, ಓರೆಯಾಗಿ ನೋಡಿದರೆ ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತದೆ. ಡಾಕ್ಟರು ಇನ್ನು ಹೆಚ್ಚದಂತೆ ನೋಡಿಕೊಳ್ಳಬಹುದು, ಹೋದದ್ದು ಬಾರದು ಎಂದಿದ್ದರು. ಮೂಲೆ, ಅಂಚು, ಮಡಿಕೆ ಅತ್ತಿಗೆಯ ಕೈಗೆ ತಿಳಿಯುತ್ತಿತ್ತು. ಕಲೆ ಕೈಗೆ ತಿಳಿಯುವುದಿಲ್ಲ, ಸಣ್ಣ ಹರಕು ಕೆಲವೊಮ್ಮೆ ತಪ್ಪುತ್ತದೆ. ಅದಕ್ಕೇ ಜಗಳ. ತವರಿನವರು ಎಂದರೆ ಕಲೆ, ಗಂಡ ಎಂದರೆ ಹರಕು, ಜೊತೆಗೆ ಎಡ, ಬಲ, ನಡು. ನೇರವಾಗಿ ಕಲೆಯಿದೆ ಎಂದು ಹೇಳಿದರೆ ನಿನಗೆ ಕಾಣುವುದಿಲ್ಲವೇ ಎಂದು ಯಾರಾದರೂ ಕೇಳುತ್ತಾರೆ. ಅತ್ತಿಗೆ ನಾದಿನಿ ಜಗಳವಾಡಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ಮಾತು ನಿಲ್ಲಿಸಿ ಎಂದು ಮೇಲ್ವಿಚಾರಕಿ ಗದರಿ ಗದರಿ ಸಾಕಾಗಿ, ಒಂದೇ ಮನೆಯವರ ಜಗಳಕ್ಕೆ ಮದ್ದಿಲ್ಲವೆಂದು ಕೈಬಿಟ್ಟಿದ್ದಳು.

"ಅಷ್ಟು ಕಷ್ಟಪಟ್ಟು ಕಟ್ಟಿದ್ದ ಜಗಳ ಅಮ್ಮ ಅದು" ಎಂದಳು ನಾದಿನಿ. "ನೀವು ಎರಡು ಸಾಲಲ್ಲಿ ಕೆಡಿಸಿಬಿಟ್ರಿ."

ಕೊಡೆಯಮ್ಮ ಸಮಜಾಯಿಷಿ ಹೇಳಲಿಲ್ಲ. ತಪ್ಪಾಯಿತು ಎಂದಳು. ಹಾಗೆಂದು ಎರಡನೆಯ ಸಲ ಹೇಳುವ ಸ್ವಭಾವ ಅವಳದಲ್ಲ.

ಅತ್ತಿಗೆ ಅಷ್ಟು ಹೊತ್ತೂ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಚಹಾ ಕುಡಿಯುತ್ತಿದ್ದಳು. ಗಂಡನಿಗೂ ಹೇಳಿಲ್ಲವೇ ಎಂದು ಕೇಳಿದ್ದಕ್ಕೆ ಇಲ್ಲವೆಂದಳು. "ಇಷ್ಟು ವರ್ಷದ ಮೇಲೆ ಅವರ ಮುಖ ಮಬ್ಬಾಗಿ ಕಂಡ್ರೇ ಕ್ಷೇಮ. ನಾನು ನಾಚಿಕೊಂಡು ಓರೆ ನೋಡ್ತೀನಿ ಅಂತ ಅವರು ತಿಳ್ಕೊಂಡಿದ್ದಾರೆ. ಖುಷಿಯಾಗಿದ್ದಾರೆ, ಇರಲಿ." ನಾದಿನಿಗೆ ಚಹಾ ನೆತ್ತಿಗೇರಿತು. ಅವಳು ಕೆಮ್ಮಿ ಸುಧಾರಿಸಿಕೊಂಡ ಮೇಲೆ ಅತ್ತಿಗೆ ಲೋಟ ಕೆಳಗಿಟ್ಟು, "ಕೆಲಸ ಹೋದ್ರೆ ಮನೇಲಿ ಗೋಡೆ ನೋಡ್ತಾ ಕೂರಬೇಕು. ನಂಗೆ ಆ ಗೋಡೇನೂ ಸರಿಯಾಗಿ ಕಾಣಲ್ಲ" ಎಂದಳು.

ಏನು ಬರೆಯಲಿ ಎಂದು ಕೊಡೆಯಮ್ಮ ಕೇಳಿದಳು. ಕಣ್ಣಿನ ಮಾತು ಬೇಡ, ಅದನ್ನು ಹೇಳಬೇಕೆನಿಸಿದಾಗ ತಾನೇ ಹೇಳುವೆ, ಜಗಳದ ಮಾತನ್ನು ಮಾತ್ರ ತಿದ್ದಿ ಎಂದಳು ಅತ್ತಿಗೆ.

ಇದು ಬಾಯಿಂದ ಹೇಳುವಷ್ಟು ಸುಲಭವಾಗಿರಲಿಲ್ಲ. ಕಣ್ಣಿನ ವಿಷಯ ತೆಗೆಯದೆ ಜಗಳ ಯಾಕೆ ಬೇಕೆಂದು ಹೇಳುವುದು ಹೇಗೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮನೆಗೆ ಬಂದು ಅವಳು ತಮ್ಮ ಹಾಸಿಗೆಯ ಹೊದಿಕೆಯನ್ನೇ ತೆಗೆದು, ಒಂದು ತುದಿ ಗಂಡನ ಕೈಗೆ ಕೊಟ್ಟು, ಕಿಟಕಿಯ ಮುಂದೆ ಎತ್ತಿ ಹಿಡಿಯಲು ಹೇಳಿದಳು. ಗಡಿಯಾರದ ಮುಳ್ಳು ಬಿಟ್ಟು ಬೇರೇನನ್ನೂ ಹಿಡಿಯದವನು ಪೇಚಾಡುತ್ತ ಹಿಡಿದ. ಕಿಟಕಿಗೆ ಬೆನ್ನು ಹಾಕಿದ್ದ ಅವನು ಎಲ್ಲ ಸರಿಯಿದೆ ಎಂದ. ಎದುರಿಗಿದ್ದ ಅವಳಿಗೆ ಬೆಳಕು ತೂರಿಬರುತ್ತಿದ್ದ ಒಂದು ಸವಕಲು ಜಾಗ ನಿಚ್ಚಳವಾಗಿ ಕಂಡಿತು. ಜಾಗ ಬದಲಿಸಿದರು. ಈಗ ಅವನಿಗೆ ಕಂಡಿತು, ಅವಳಿಗೆ ಕಾಣಲಿಲ್ಲ. ಅವಳು ಹೊದಿಕೆಯನ್ನು ಅವನ ಕೈಯಲ್ಲೇ ಬಿಟ್ಟು ಹೋಗಿ ಕೂತಳು. "ಮಡಿಚೋದು ಯಾರು?" ಎಂದು ಅವನು ಕೇಳುತ್ತಲೇ ಇದ್ದ.

ಮರುದಿನ ಮುಖ್ಯಸ್ಥನ ಮುಂದೆ ನಿಂತು, ವರದಿಯ ಕೊನೆಯ ಎರಡು ಸಾಲು ತಪ್ಪೆಂದಳು. ಅವನು ಒಳ್ಳೆಯವನು, ಆದರೆ ಕಳಿಸಿದ ವರದಿಯನ್ನು ಹಿಂದಕ್ಕೆ ಕರೆಯುವುದೆಂದರೆ ಕೊಟ್ಟ ಹೆಣ್ಣನ್ನು ವಾಪಸು ಕೇಳಿದಂತೆ ಸಂಕಟಪಡುವವನು. ಯಾಕೆ ತಪ್ಪು, ಹೇಗೆ ತಪ್ಪು ಎಂದು ಕೇಳಿದ.

"ಹೇಳೋದಿಲ್ಲ ಸಾರ್. ನಾನು ಹೇಳಿದ್ದನ್ನು ನಂಬಿ ಒಮ್ಮೆ ಕೆಟ್ಟಿದೆ. ನೀವು ಬಂದು ಒಂದು ಮಧ್ಯಾಹ್ನ ಬೆಡ್‌ಶೀಟು ಮಡಿಚಿ."

ಬಂದ. ಚಿತ್ರ ಬರೆಯುವವರಲ್ಲಿ ಒಬ್ಬಳನ್ನೂ ಕರೆತಂದ. ಮೇಲ್ವಿಚಾರಕಿಯನ್ನೂ ಕೆಲಸದವಳೊಬ್ಬಳ ಜೊತೆ ಪಕ್ಕದ ಮೇಜಿಗೆ ನಿಲ್ಲಿಸಬೇಕೆಂದು ಕೊಡೆಯಮ್ಮ ಹಟ ಹಿಡಿದಳು. ಎಷ್ಟೋ ವರ್ಷದಿಂದ ಮೇಜು ಮುಟ್ಟದಿದ್ದ ಆಕೆ, ಅದೇನು ಬ್ರಹ್ಮವಿದ್ಯೆಯೇ ಎಂದು ತೋಳು ಮೇಲೇರಿಸಿದಳು. ಕೋಣೆಯ ಹೆಂಗಸರೆಲ್ಲ ಕೈಕೆಲಸ ನಿಧಾನ ಮಾಡಿ ಒಂದು ಕಣ್ಣು ಇತ್ತ ಇಟ್ಟರು.

ಮುಖ್ಯಸ್ಥ ಮೂಲೆ ಹಿಡಿದರೆ ಅಂಚು ತಪ್ಪುತ್ತಿತ್ತು, ಅಂಚು ಸಿಕ್ಕರೆ ಮೂಲೆ ಮಾಯ. ಬಿಳಿಯ ಮೇಲೆ ಬಿಳಿ, ಶೀಟು ಎಲ್ಲಿ ಮುಗಿದು ಮೇಜು ಎಲ್ಲಿ ಶುರುವಾಯಿತೆಂದು ತಿಳಿಯದೆ ಮೇಜಿನ ಅಂಚನ್ನೇ ಮಡಿಚಲು ನೋಡಿದ. ಮಾತಾಡಬಾರದೆಂಬ ಆಜ್ಞೆ ಇದ್ದುದರಿಂದ ಚಿತ್ರದ ಹುಡುಗಿ ತುಟಿ ಕಚ್ಚಿ ನಗು ತಡೆದುಕೊಂಡಳು. ಮೇಲ್ವಿಚಾರಕಿಯ ಕೈ ಚುರುಕಾಗಿಯೇ ಇತ್ತು, ಪೇರಿಸಿದ ಕಟ್ಟು ಅಂದವಾಗಿಯೇ ಬೆಳೆಯಿತು. ಬಿಸಿಲು ಏರಿತು. ಎಲ್ಲರ ಕಣ್ಣಲ್ಲೂ ನೀರು. ಕೊನೆಗೆ ಹುಡುಗಿಗೆ ತಡೆಯಲಾಗಲಿಲ್ಲ. "ಸಾರ್, ನಿಮ್ಮ ಎಡಗಡೆ ಹರಿದಿದೆ" ಎಂದಳು.

"ಎಲ್ಲಿ? ನನಗೆ ಕಾಣ್ತಿಲ್ವಲ್ಲ."

"ನಿಮಗೆ ಕಾಣೋದಿಲ್ಲ ಸಾರ್. ಬೆಳಕು ನಿಮ್ಮ ಬೆನ್ನ ಹಿಂದಿದೆ. ನನಗೆ ಕಾಣುತ್ತೆ."

ಮುಖ್ಯಸ್ಥ ಶೀಟನ್ನು ಹಿಡಿದುಕೊಂಡೇ ನಿಂತುಬಿಟ್ಟ. ಅವನ ತಲೆಗೆ ಒಂದು ಮಾತು ಹತ್ತಿದರೆ ಬೆಂಕಿಯಂತೆ ಬೇಗ ಹರಡುತ್ತದೆ. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದ ಈ ಕೋಣೆಯಲ್ಲಿ ಬಾಯಿ ಮುಚ್ಚಿಸಿದರೆ ಅರ್ಧ ಕಣ್ಣು ಮುಚ್ಚಿಸಿದ ಹಾಗಲ್ಲವೇ ಎಂದು ಅವನೇ ಹೇಳಿದ. ಮೇಲ್ವಿಚಾರಕಿ ಒಪ್ಪಲಿಲ್ಲ. ತನ್ನ ಕಟ್ಟನ್ನು ಬಿಚ್ಚಿ ನೋಡಿ ಎಂದಳು. ಬಿಚ್ಚಿ, ಕಿಟಕಿಗೆ ಎತ್ತಿ ಹಿಡಿದರು. ಮೇಲಿನದು ಸರಿಯಿತ್ತು. ಅದರ ಕೆಳಗಿನದರಲ್ಲಿ ಔಷಧಿಯ ಹಳದಿ ಕಲೆ ಒಂದು ಅಂಗೈಯಗಲ ಕೂತಿತ್ತು. ಇನ್ನೂ ಕೆಳಗೆ ಇನ್ನೊಂದು. ಮೇಲ್ವಿಚಾರಕಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಅತ್ತಿಗೆ ತನ್ನ ಮೇಜು ಬಿಟ್ಟು ಬಂದದ್ದು ಆಗ. ಯಾರೂ ಕರೆದಿರಲಿಲ್ಲ. ನಾದಿನಿ ದೂರದಿಂದಲೇ ಬೇಡವೆಂದು ತಲೆಯಾಡಿಸಿದಳು. ಆ ತಲೆಯಾಡಿಸುವುದು ಅತ್ತಿಗೆಗೆ ಕಾಣುವಂತಿರಲಿಲ್ಲ, ಕಂಡಿದ್ದರೂ ಕೇಳುತ್ತಿರಲಿಲ್ಲ.

"ಒಂದು ಮಾತು" ಎಂದಳು, ಮೇಲ್ವಿಚಾರಕಿಯ ಕಡೆಗೆ ಓರೆಯಾಗಿ ನಿಂತು. "ಇವರಿಗೆಲ್ಲ ಮಧ್ಯಾಹ್ನ ಕಾಣಲ್ಲ. ನಂಗೆ ಬೆಳಿಗ್ಗೆನೂ ಕಾಣಲ್ಲ. ನಡುವೆ ಮಬ್ಬು, ಅಂಚಲ್ಲಿ ಕಾಣುತ್ತೆ. ಮಡಿಚೋಕೆ ಕೈ ಸಾಕು. ಕಲೆ ಹೇಳೋಕೆ ನನ್ನ ನಾದಿನಿ ಬೇಕು. ವಾಪಸ್ ಬಂದ ಶೀಟೆಲ್ಲ ಅವಳಿಲ್ಲದೆ ಹೋದವು. ಇಟ್ಕೊಳ್ತೀರೋ, ಕಳಿಸ್ತೀರೋ?"

ಯಂತ್ರಗಳು ಗುಡುಗುಟ್ಟುತ್ತಲೇ ಇದ್ದವು. ಇಂಥ ಹೊತ್ತಿನಲ್ಲಿ ಕೊಡೆಯಮ್ಮನ ಕೈ ತಾನಾಗಿ ಸಹಾಯಕ್ಕೆ ಚಾಚುವುದಿತ್ತು, ಆವತ್ತು ಅದನ್ನು ಕೊಡೆಯ ಹಿಡಿಯ ಮೇಲೆ ಬಿಗಿಯಾಗಿ ಇಟ್ಟುಕೊಂಡಳು.

ಮೇಲ್ವಿಚಾರಕಿ ಎದುರಿಗಿದ್ದ ಹಳದಿ ಕಲೆಯನ್ನು ನೋಡಿದಳು. ತಾನೇ ಅಂದವಾಗಿ ಮಡಿಚಿ ಇಟ್ಟದ್ದು. "ನನಗೂ ಕಾಣಲಿಲ್ವಲ್ಲ ಇವತ್ತು" ಎಂದಳು. ಆಮೇಲೆ ಕಟ್ಟುನಿಟ್ಟನ್ನು ಮತ್ತೆ ಎತ್ತಿ ಹೆಗಲಿಗೆ ಹಾಕಿಕೊಂಡು, "ಹೋಗು, ನಿನ್ನ ನಾದಿನಿ ಹತ್ರ ನಿಂತ್ಕೋ. ಜಗಳ ಸ್ವಲ್ಪ ಮೆಲ್ಲಗೆ" ಎಂದು ಗದರಿದಳು.

ಹ್ಞೂಂ ಎಂದಳು ಅತ್ತಿಗೆ. ಮೆಲ್ಲಗೆ ಆಡುವ ಉದ್ದೇಶ ಇಬ್ಬರಿಗೂ ಇರಲಿಲ್ಲ.

ಹೊಸ ಮೇಜು ಬರಲು ಬಹಳ ಕಾಲ ಹಿಡಿಯಿತು, ಕಾರ್ಖಾನೆಯ ಕೆಲಸ ಯಾವತ್ತೂ ಹಾಗೆಯೇ. ಬಂದದ್ದು ಕಡುನೀಲಿ ಹಲಗೆಯ ಮೇಜು. ಅದರ ಮೇಲೆ ಬಿಳಿ ಶೀಟು ಎಲ್ಲಿದ್ದರೂ ಎದ್ದು ಕಾಣುತ್ತಿತ್ತು. ಬೆಳಕು ಎದುರಿಗೆ ಬೀಳುವ ಕಡೆ ಒಬ್ಬರು ನಿಲ್ಲುವ ಹಾಗೆ ಅದನ್ನು ಅಡ್ಡ ಇಟ್ಟರು. ಶೀಟಿನ ನಾಲ್ಕು ಮೂಲೆಗೂ ದಪ್ಪನೆಯ ಕೆಂಪು ದಾರದ ಹೊಲಿಗೆ, ಕಣ್ಣಿದ್ದವರು ನೋಡಿ ಹಿಡಿಯಲಿ, ದಣಿದ ಕಣ್ಣಿನವರು ಬೆರಳಲ್ಲಿ ತಡವಿ ಹಿಡಿಯಲಿ ಎಂದು. ಹೊಲಿಗೆ ಎಲ್ಲಿಂದ ಹೊಳೆಯಿತೆಂದು ಮುಖ್ಯಸ್ಥ ಕೇಳಿದಾಗ ಕೊಡೆಯಮ್ಮ ಕೊಡೆ ಬಿಚ್ಚಿ ತೋರಿಸಿದಳು. ಆ ಕೆಂಪು ದಾರವನ್ನು ಬಿಚ್ಚಿ ಕಪ್ಪಿನಲ್ಲಿ ಹೊಲಿದುಕೊಡುತ್ತೇನೆಂದು ಗಂಡ ಅಷ್ಟು ಹೊತ್ತಿಗೆ ಎರಡು ಸಲ ಕೇಳಿ ಬೈಸಿಕೊಂಡಿದ್ದ.

ಮಾತಿನ ಆಜ್ಞೆಯೂ ತಿರುಗಿತು. ಈಗ ಪ್ರತಿ ಮೇಜಿನವರೂ ಮಾತಾಡಲೇಬೇಕು. ಇದು ಮೇಜಿಗಿಂತ ಕಷ್ಟವಾಯಿತು. ಇಷ್ಟು ವರ್ಷ ಬಾಯಿ ಕಟ್ಟಿದ್ದವರಿಗೆ ಏನು ಹೇಳಬೇಕೆಂದೇ ತೋಚದು. ಕಲೆ, ಕಲೆ, ಹರಕು ಎಂದು ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತಿದ್ದರು. ನಿಧಾನವಾಗಿ ನಾಲಿಗೆ ಸಡಿಲವಾಯಿತು. ಒಂದು ಮೇಜಿನಲ್ಲಿ ಬಾಡಿಗೆ ಮನೆಯ ಮಾಲೀಕ ಕಲೆಯಾದ, ಇನ್ನೊಂದರಲ್ಲಿ ಅಳಿಯ ಹರಕಾದ. ಬಾಯಲ್ಲಿ ಬೆರಳಿಟ್ಟರೂ ಕಚ್ಚದಿದ್ದ ಆ ಹೆಂಗಸು ಯಾರ ಹೆಸರು ಹೇಳಿ ಬುಟ್ಟಿಗೆ ಎಸೆಯುತ್ತಿದ್ದಳೋ ಅದನ್ನು ಇಲ್ಲಿ ಬರೆಯುವುದು ಸರಿಯಲ್ಲ.

ಮೇಜು ಹೇಗೆ ನಡೆಯುತ್ತಿದೆ ಎಂದು ನೋಡಲು ಕೊಡೆಯಮ್ಮ ಮತ್ತೆ ಹೋದಳು. ಈ ಸಲ ಬಾಗಿಲ ಬಳಿ ಕೂರಲಿಲ್ಲ. ಸ್ಟೂಲನ್ನು ತಾನೇ ಎತ್ತಿಕೊಂಡು ಹೋಗಿ ಕಂಬದಾಚೆ, ಬುಟ್ಟಿಯ ಪಕ್ಕದಲ್ಲೇ ಹಾಕಿಕೊಂಡಳು. ಅತ್ತಿಗೆ ಓರೆಯಾಗಿ ತಿರುಗಿ, "ಕೊಡೆ ತಂದಿದ್ದೀರಾ?" ಎಂದು ಕೇಳಿ ನಕ್ಕಳು. ಆಮೇಲೆ ಕೆಲಸ ಶುರುವಾಯಿತು. ಶೀಟು ಎತ್ತುವುದು, ಹಿಡಿಯುವುದು, ಮೂಲೆಯ ಕೆಂಪನ್ನು ಬೆರಳು ಹುಡುಕುವುದು.

"ನಿನ್ನ ತವರಿನವರಿಗೆ ಬುದ್ಧಿ ಅನ್ನೋದು ಇದ್ದಿದ್ರೆ ನಿನಗೂ ಒಂದಿಷ್ಟು ಕಲಿಸ್ತಿದ್ರು" ಎಂದಳು ನಾದಿನಿ.

ಕೊಡೆಯಮ್ಮ ತಟ್ಟನೆ ಶೀಟಿನ ಕಡೆ ನೋಡಿದಳು. ಎಡಗಡೆ ನೋಡಿದಳು, ಬಲಗಡೆ ನೋಡಿದಳು. ಕಲೆ ಇಲ್ಲ. ಎದ್ದು ನಿಂತು ನಡುವೆಯೂ ನೋಡಿದಳು. ಶೀಟು ಬೆಳ್ಳಗಿತ್ತು. ಅತ್ತಿಗೆಯೂ ಅದನ್ನು ಬುಟ್ಟಿಗೆ ಎಸೆಯದೆ ನೀಟಾಗಿ ಮಡಿಚಿ ಪೇರಿಸಿಬಿಟ್ಟಳು.

"ಎಲ್ಲಿದೆ ಕಲೆ? ನನಗೆ ಕಾಣಲಿಲ್ಲ" ಎಂದಳು ಕೊಡೆಯಮ್ಮ.

ನಾದಿನಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. "ಕಲೆ ಇಲ್ಲಮ್ಮ, ಕೂತ್ಕೊಳ್ಳಿ. ಇವಳು ನಲ್ಲಿ ಬಿಟ್ಟು ಬಂದು ಬಚ್ಚಲೆಲ್ಲ ನೀರು ಮಾಡಿದ್ದಾಳೆ. ಇದು ನಿಜವಾದ ಜಗಳ."